ಹಾಲು ಕಾಯುವುದು

ಈ ವಾರದಲ್ಲಿ ಇದು ಮೂರನೆಯ ಸಲ. ಹಾಲು ಉಕ್ಕಿತು. ಉಕ್ಕಿ, ಪಾತ್ರೆಯ ಹೊಟ್ಟೆಯ ಮೇಲೆ ಇಳಿದು, ಬರ್ನರಿನ ಕಣ್ಣುಗಳಿಗೆಲ್ಲ ನುಗ್ಗಿ, ಚುಂಯ್ ಎಂದು ಉರಿ ಆರಿಸಿ, ಕಟ್ಟೆಯ ಮೇಲೆ ಕೆರೆ ಕಟ್ಟಿ, ಅಲ್ಲಿಂದ ಅಂಚಿಗೆ ಬಂದು ನನ್ನ ಬಲಗಾಲ ಹೆಬ್ಬೆರಳ ಮೇಲೆ ತೊಟ್ಟಿಕ್ಕಿದಾಗಲೇ ನನಗೆ ಗೊತ್ತಾದದ್ದು. ಹಾಗಂತ ನಾನೇನು ಜಗಲಿಯ ಮೇಲೆ ಪೇಪರು ಓದುತ್ತಿದ್ದೆ ಅಂದುಕೊಳ್ಳಬೇಡಿ. ಒಲೆಯ ಮುಂದೆಯೇ ನಿಂತಿದ್ದೆ. ಕೈಯಲ್ಲಿ ಮಸಿಬಟ್ಟೆ ಸಿದ್ಧವಾಗಿತ್ತು. ಕಣ್ಣು ಹಾಲಿನ ಮೇಲೆಯೇ ಇತ್ತು. ಕಣ್ಣಿನ ಹಿಂದೆ ಇರಬೇಕಾದ ಆಸಾಮಿ ಮಾತ್ರ ಊರಲ್ಲಿರಲಿಲ್ಲ.

"ರೀ, ಇಲ್ಲೇ ನಿಂತಿದ್ದೀರಲ್ಲ, ನೋಡ್ತಾ ಇರ್ಲಿಲ್ವಾ?"

"ನೋಡ್ತಾನೇ ಇದ್ದೆ ಕಣೇ."

"ಏನನ್ನ?"

ಇದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಹಾಲಿನ ಮೇಲೆ ಕೆನೆ ಸುಕ್ಕುಗಟ್ಟುವುದನ್ನು ನೋಡಿದ್ದು ನಿಜ. ಕೆನೆಯ ಸುಕ್ಕು ನೋಡಿ ನನ್ನ ಮುಂಗೈಯ ಸುಕ್ಕು ನೆನಪಾಯಿತು. ಮುಂಗೈಯಿಂದ ತೋಳಿಗೆ, ತೋಳಿನಿಂದ ಡಾಕ್ಟರು ಸುತ್ತಿದ್ದ ಬಿ.ಪಿ. ಪಟ್ಟಿಗೆ, ಪಟ್ಟಿ ಬಿಚ್ಚುವಾಗ ಅವರು ಅಂದ "ನೋಡೋಣ" ಎಂಬ ಮಾತಿಗೆ ಹೋದೆ. ಆ "ನೋಡೋಣ"ದಲ್ಲಿ ಕೊನೆಯ ಣಕಾರವನ್ನು ಅವರು ಸ್ವಲ್ಪ ಎಳೆದರೋ? ಎಳೆದಿದ್ದರೆ ಯಾಕೆ? ಅಲ್ಲಿಂದ ಬೆಂಗಳೂರಿನ ಮಗನ ಮನೆ, ಅವನ ಸಾಲ, ಅವನ ಮೂರನೇ ಮಹಡಿಯ ಬಾಲ್ಕನಿಯ ತಗ್ಗು ಕಂಬಿ, ಮೊಮ್ಮಗುವಿನ ಎತ್ತರ. ಕಂಬಿಯ ಎತ್ತರದಿಂದ ಮೊಮ್ಮಗುವಿನ ಎತ್ತರವನ್ನು ಕಳೆಯುವ ಲೆಕ್ಕದಲ್ಲಿರುವಾಗ ಹೆಬ್ಬೆರಳು ಸುಟ್ಟಿತು. ಒಂದು ಸೇರು ಹಾಲು ಕಾಯುವಷ್ಟು ಹೊತ್ತಿನಲ್ಲಿ ಇಷ್ಟು ದೂರ ಹೋಗಿ ಬರುವ ವಾಹನ ನಮ್ಮ ಕಡೆ ಇನ್ನೂ ಓಡಾಡುತ್ತಿಲ್ಲ.

ಕನ್ನಡದ ಮೇಲೂ ನನಗೆ ಒಂದು ಸಣ್ಣ ದೂರಿದೆ. ಹಾಲು ಕಾಯುತ್ತದೆ, ಹಾಲನ್ನು ಕಾಯುವವನೂ ಕಾಯುತ್ತಾನೆ. ಬಸ್ಸಿಗೆ ಕಾಯುತ್ತೇವೆ, ತೋಟ ಕಾಯುತ್ತೇವೆ, ಸ್ನಾನದ ನೀರು ಕಾಯಲಿ ಎಂದು ಕಾಯುತ್ತೇವೆ, ದೇವರು ನಮ್ಮನ್ನು ಕಾಯಲಿ ಅನ್ನುತ್ತೇವೆ. ಎಲ್ಲಕ್ಕೂ ಇದೊಂದೇ ಕಾಯುವುದು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ಮೇಷ್ಟ್ರು "ದನ ಕಾಯೋಕೆ ಹೋಗು" ಎನ್ನುತ್ತಿದ್ದರು. ಹೋಗಿದ್ದರೆ ಆ ವಿದ್ಯೆಯಾದರೂ ಕೈಗೆ ಹತ್ತುತ್ತಿತ್ತು. ಲೆಕ್ಕ ಕಲಿತು ಬ್ಯಾಂಕಿಗೆ ಸೇರಿದೆ. ಈಗ ಅರವತ್ತು ದಾಟಿದ ಮೇಲೆ ಒಲೆಯ ಮುಂದೆ ನಿಂತು ಕಾಯುವುದನ್ನು ಮೊದಲಿನಿಂದ ಕಲಿಯುತ್ತಿದ್ದೇನೆ.

ಊರು ಮಿರ್ಲೆ. ಮೊದಲು ಕೃಷ್ಣರಾಜನಗರ ತಾಲ್ಲೂಕಿನಲ್ಲಿತ್ತು. ಸಾಲಿಗ್ರಾಮವೇ ತಾಲ್ಲೂಕಾದ ಮೇಲೆ ಅದರ ಪಾಲಿಗೆ ಬಂತು. ಊರೇನೂ ಒಂದು ಗೇಣು ಕದಲಲಿಲ್ಲ. ನನ್ನ ಕೈ ಮಾತ್ರ ವಿಳಾಸ ಬರೆಯುವಾಗ ಇವತ್ತಿಗೂ "ಕೆ.ಆರ್. ನಗರ ತಾ." ಎಂದೇ ಬರೆದು, ಆಮೇಲೆ ಹೊಡೆದುಹಾಕಿ, ಮೇಲೆ ಸಣ್ಣದಾಗಿ "ಸಾಲಿಗ್ರಾಮ" ಎಂದು ಸೇರಿಸುತ್ತದೆ. ಊರು ಇದ್ದಲ್ಲೇ ಇದ್ದು ವರ್ತಮಾನಕ್ಕೆ ಬಂದುಬಿಟ್ಟಿದೆ, ನಾನು ಓಡಾಡುತ್ತಾ ಹಿಂದೆಯೇ ಉಳಿದಿದ್ದೇನೆ. ಕಾವೇರಿಯ ಸೀಮೆ ಇದು. ಕೊಡಗಿನಲ್ಲಿ ಮಳೆ ಹಿಡಿದರೆ ಹೊಳೆ ತುಂಬುತ್ತದೆ, ಹೊಳೆ ತುಂಬಿದರೆ ನಾಲೆಗೆ ನೀರು, ನಾಲೆಗೆ ನೀರು ಬಂದರೆ ಗದ್ದೆಗೆ ಭತ್ತ. ಭತ್ತದ ಕಣಜ ಎಂದು ಹೆಸರಾದ ನೆಲ. ಜಗಲಿಯ ಮೇಲೆ ಕೂತರೆ ಯೋಚನೆ ಮಾಡುವುದಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ.

ನನ್ನ ತಲೆಯೊಳಗೆ ಇಬ್ಬರು ಬಿಡಾರ ಹೂಡಿದ್ದಾರೆ. ಬಾಡಿಗೆ ಕೊಡುವವರಲ್ಲ, ಬಿಟ್ಟು ಹೋಗುವವರೂ ಅಲ್ಲ. ಒಬ್ಬನ ಹೆಸರು ಛೇಯಣ್ಣ. ಆದದ್ದರ ಉಸ್ತುವಾರಿ ಅವನದು. "ಛೇ, ಹಾಗನ್ನಬಾರದಿತ್ತು," "ಛೇ, ಆ ಸೈಟು ತಗೊಂಡುಬಿಡಬೇಕಿತ್ತು" ಎಂದು ಹಳೆಯ ಲೆಡ್ಜರು ಬಿಚ್ಚಿಕೊಂಡು ಕೂರುತ್ತಾನೆ. ಇನ್ನೊಬ್ಬ ಅಕಸ್ಮಾತಪ್ಪ. ಆಗಬಹುದಾದದ್ದೆಲ್ಲ ಅವನ ಇಲಾಖೆ. "ಅಕಸ್ಮಾತ್ ನಾಲೆ ಒಡೆದರೆ? ಅಕಸ್ಮಾತ್ ಬಸ್ಸು ಬರದಿದ್ದರೆ? ಅಕಸ್ಮಾತ್ ಬಂದು, ನಿಲ್ಲಿಸದಿದ್ದರೆ?" ಇಬ್ಬರಿಗೂ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದು. ಆದರೆ ರಾತ್ರಿ ಮೂರು ಗಂಟೆಗೆ ಒಂದೇ ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾರೆ. ಇವರ ನಡುವೆ "ಈಗ" ಎಂಬ ಒಂದು ಸಣ್ಣ ಕೋಣೆಯಿದೆ. ಅದು ನನ್ನದೇ ಕೋಣೆ, ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಆದರೂ ಅಲ್ಲಿ ಮಲಗಿದ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದು.

ಅಕಸ್ಮಾತಪ್ಪನನ್ನು ಪೂರಾ ತೆಗೆದುಹಾಕುವ ಹಾಗೂ ಇಲ್ಲ. ನಮ್ಮ ಪಕ್ಕದ ಎಡತೊರೆಯಲ್ಲಿ ಕಾವೇರಿ ಒಂದು ಸಲ ಹೇಳದೆ ಕೇಳದೆ ಊರೊಳಗೆ ಬಂದಳು. ಹೊಳೆಗೆ ಅಷ್ಟು ಹತ್ತಿರ ಇರುವುದು ಬೇಡವೆಂದು ಆಚೆ ಎತ್ತರದಲ್ಲಿ ಅಗಲ ಬೀದಿಗಳ ಹೊಸ ಊರು ಕಟ್ಟಿ, ಮಹಾರಾಜರ ಹೆಸರಿಟ್ಟರು. ಕೃಷ್ಣರಾಜನಗರ ಆದದ್ದು ಹಾಗೆ. ಅಂದರೆ ಎಡತೊರೆಯಲ್ಲೂ ಒಬ್ಬ ಅಕಸ್ಮಾತಪ್ಪ ಇದ್ದಿರಬೇಕು. ಹೊಳೆ ಬರುವ ಮುಂಚೆ ಎಲ್ಲರೂ ಅವನನ್ನು ನೋಡಿ ನಕ್ಕಿರಬೇಕು. ಈ ಸಂಗತಿಯನ್ನು ನನ್ನವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ದಿನಕ್ಕೆ ಎರಡು ಸಲ ಉದಾಹರಣೆ ಕೊಡುತ್ತಾನೆ.

ಛೇಯಣ್ಣ ನನ್ನ ನೌಕರಿಯಿಂದ ಬಂದವನು. ಬದುಕಿನ ಬಹುಪಾಲು ಕ್ಯಾಷ್ ಕೌಂಟರಿನಲ್ಲಿ ಕೂತವನು ನಾನು. ನೂರು ನೋಟಿಗೆ ಒಂದು ಕಟ್ಟು. ಒಂದು ಸಲ ಎಣಿಸಿದರೆ ಎಣಿಕೆ, ಎರಡು ಸಲ ಎಣಿಸಿದರೆ ಖಾತ್ರಿ, ಮೂರನೇ ಸಲ ಎಣಿಸಿದರೆ ಅದು ಚಾಳಿ. ಒಂದು ಸಂಜೆ ನೂರು ರೂಪಾಯಿ ಕಡಮೆ ಬಂತು. ಎಣಿಸಿದೆ, ಮತ್ತೆ ಎಣಿಸಿದೆ. ಬೆರಳು ಒದ್ದೆ ಮಾಡುವ ಸ್ಪಂಜು ಒಣಗಿತು, ನೀರು ಹಾಕಿ ಮತ್ತೆ ಎಣಿಸಿದೆ. ಮ್ಯಾನೇಜರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮಿದರು. ಕೊನೆಗೆ ಜೇಬಿನಿಂದ ಹಾಕಿ ಟ್ಯಾಲಿ ಮಾಡಿ ಮನೆಗೆ ಬಂದೆ. ಬ್ಯಾಂಕಿನ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಇನ್ನೂ ಕೌಂಟರು ಮುಚ್ಚಿಲ್ಲ. ರಾತ್ರಿ ಎಚ್ಚರವಾದರೆ ಅಂದಿನ ಸಾಲು ಕಣ್ಣಿಗೆ ಕಟ್ಟುತ್ತದೆ. ಹಸಿರು ಟವೆಲ್ಲಿನವನಿಗೆ ಹೆಚ್ಚು ಕೊಟ್ಟೆನೋ, ಮೂಗುಬೊಟ್ಟಿನ ಹೆಂಗಸಿಗೋ? ಪಡೆದವರು ಆ ನೂರು ರೂಪಾಯಿಯನ್ನು ಖರ್ಚು ಮಾಡಿ ಯಾವ ಕಾಲವಾಯಿತೋ. ನಾನು ಮಾತ್ರ ಅದಕ್ಕೆ ಇನ್ನೂ ಬಡ್ಡಿ ಕಟ್ಟುತ್ತಿದ್ದೇನೆ.

ಎದುರು ಮನೆಯ ಹಸುವನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಅದೂ ಮೆಲುಕು ಹಾಕುತ್ತದೆ, ನಾನೂ ಹಾಕುತ್ತೇನೆ. ಹಸು ದಿನಕ್ಕೆ ಏಳೆಂಟು ಗಂಟೆ ಇದೇ ಕೆಲಸ ಮಾಡುತ್ತದಂತೆ. ನನ್ನದು ಇನ್ನೂ ಒಂದೆರಡು ಗಂಟೆ ಹೆಚ್ಚೇ ಇದ್ದೀತು. ಒಂದು ದಿನ ಮಧ್ಯಾಹ್ನ ಜಗಲಿಯಲ್ಲಿ ಕೂತು ಪಟ್ಟಾಗಿ ಗಮನಿಸಿದೆ. ಗಂಟಲಿನ ಕೆಳಗೆ ಒಂದು ಗುಬುಟು ಏಳುತ್ತದೆ, ಚರ್ಮದ ಒಳಗೇ ಇಲಿಮರಿ ಓಡಿದ ಹಾಗೆ ಮೇಲಕ್ಕೆ ಬರುತ್ತದೆ, ಬಾಯಿ ತಲುಪುತ್ತದೆ. ದವಡೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಮೂಗಿನ ಮೇಲೆ ಬೆವರ ಹನಿ. ಕಣ್ಣು ಅರ್ಧ ಮುಚ್ಚಿದೆ. ಐವತ್ತೋ ಅರವತ್ತೋ ಸಲ ಜಗಿದು ನುಂಗುತ್ತದೆ. ಒಂದು ಕ್ಷಣ ದವಡೆ ನಿಲ್ಲುತ್ತದೆ. ಆಮೇಲೆ ಇನ್ನೊಂದು ಗುಬುಟು. ನೋಡಿ, ಇಲ್ಲಿಯೇ ನಮ್ಮಿಬ್ಬರ ದಾರಿ ಬೇರೆಯಾಗುವುದು. ಅದು ನುಂಗುತ್ತದೆ, ನುಂಗಿದ್ದು ಕರಗುತ್ತದೆ, ಬೆಳಗಾದರೆ ಹಾಲಾಗುತ್ತದೆ. ನಾನು ಅದೇ ಉಂಡೆಯನ್ನು ಮತ್ತೆ ಬಾಯಿಗೆ ತಂದುಕೊಳ್ಳುತ್ತೇನೆ. ಹಸು ಕೊಟ್ಟ ಆ ಹಾಲನ್ನೂ ಒಲೆಯ ಮೇಲೆ ಚೆಲ್ಲುತ್ತೇನೆ.

ಮನಶ್ಶಾಸ್ತ್ರದವರೂ ಇದಕ್ಕೆ ದನದ ಹೆಸರನ್ನೇ ಇಟ್ಟಿದ್ದಾರೆ. ಅವರು ರೂಮಿನೇಷನ್ ಅನ್ನುವುದು ನಮ್ಮ ಮೆಲುಕನ್ನೇ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಅಮೆರಿಕದ ವಿದುಷಿ ಬಹಳ ವರ್ಷ ಇದರ ಬೆನ್ನು ಹತ್ತಿ, ಕೊರಗನ್ನು ಮೆಲುಕು ಹಾಕಿದಷ್ಟೂ ಕೊರಗಿನ ಆಯಸ್ಸು ಹೆಚ್ಚುತ್ತದೆ ಎಂದು ತೋರಿಸಿಕೊಟ್ಟರು. ನಮ್ಮವಳು ಇದನ್ನು ಯಾವ ಅಧ್ಯಯನವೂ ಇಲ್ಲದೆ ಮದುವೆಯಾದ ಮೂರನೇ ತಿಂಗಳಿಗೇ ಹೇಳಿದ್ದಳು. ಹಾರ್ವರ್ಡ್‌ನ ಇಬ್ಬರು 2010ರಲ್ಲಿ 2250 ಜನರನ್ನು ಹೊತ್ತಲ್ಲದ ಹೊತ್ತಿನಲ್ಲಿ ಫೋನಿನ ಮೂಲಕ ತಡವಿ, "ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ" ಎಂದು ಕೇಳಿದರು. ನೂರಕ್ಕೆ 46.9 ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲವಂತೆ. ಕ್ಯಾಷಿಯರನಾದ ನನಗೆ ಆ ದಶಾಂಶ ಕಂಡು ಸಂತೋಷವಾಯಿತು. ಹೆಚ್ಚುಕಡಮೆ ಅರ್ಧ ಜಗತ್ತಿನ ಹಾಲು ಉಕ್ಕುತ್ತಿದೆ ಎಂದಾಯಿತು. ನಿದ್ದೆ ಊಟ ಎರಡನ್ನೂ ತಿಂದುಹಾಕುವ ಚಿಂತೆಯ ಮಾತು ಬೇರೆ, ಅದಕ್ಕೆ ಡಾಕ್ಟರಿದ್ದಾರೆ, 14416 ಎಂಬ ಸಹಾಯವಾಣಿಯೂ ಇದೆ, ನಾಚಿಕೆ ಬೇಡ. ನನ್ನದು ಹಾಲು ಉಕ್ಕುವಷ್ಟರ ಮಟ್ಟಿನದು.

ಮನಶ್ಶಾಸ್ತ್ರ ಅಂದಕೂಡಲೇ ನನ್ನ ಮನಸ್ಸು ಮೈಸೂರಿಗೆ ಹೋಗುತ್ತದೆ. (ಹೋಗಲಿ ಬಿಡಿ, ಹೇಗೂ ಒಲೆ ಆರಿದೆ.) ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಒಂದು ಪುಟ್ಟ ರೇಡಿಯೋ ಕೇಂದ್ರ ಹೂಡಿದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ, ಆಮೇಲೆ ಇಡೀ ದೇಶದ ರೇಡಿಯೋ ಅದನ್ನು ಎತ್ತಿಕೊಂಡಿತು. ಮನಸ್ಸನ್ನು ಓದಿದ ಮನುಷ್ಯ ರೇಡಿಯೋವನ್ನೇ ಯಾಕೆ ಕಟ್ಟಿದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮನಸ್ಸು ಎಂದರೆ ಯಾರೂ ಹಚ್ಚದೆ ತಾನೇ ಹಾಡುವ ರೇಡಿಯೋ ಎಂದು ಅವರಿಗೆ ಹೊಳೆದಿರಬೇಕು. ಇದನ್ನಂತೂ ಆರಿಸಲಾಗದು, ಆರಿಸಬಹುದಾದದ್ದೊಂದನ್ನು ಮಾಡಿಡೋಣ ಅಂದುಕೊಂಡಿರಬೇಕು. ಇದು ನನ್ನ ಊಹೆ. ಪ್ರೊಫೆಸರರ ಆತ್ಮ ಕ್ಷಮಿಸಲಿ. ನನ್ನ ತಲೆಯ ನಿಲಯದಲ್ಲಿ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಚಿತ್ರಗೀತೆಯಿಲ್ಲ, ಬರೀ ವಾರ್ತೆ. ಅದೂ ನಿನ್ನೆಯದು ಮತ್ತು ನಾಳೆಯದು.

ನನ್ನ ಅವಸ್ಥೆ ಕೇಳಿ ಮಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಒಬ್ಬ ಹೆಣ್ಣುಮಗಳು ಅದರೊಳಗಿಂದ ಬಹಳ ನಯವಾಗಿ, ಮಗುವನ್ನು ಮಲಗಿಸುವ ದನಿಯಲ್ಲಿ, ಉಸಿರನ್ನು ಗಮನಿಸಿ ಎನ್ನುತ್ತಾಳೆ. ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದರೆ ಮತ್ತೆ ಒಂದರಿಂದ. ಎಣಿಸುವುದಕ್ಕೆ ಹೇಳಿದರೆ ನಾನು ಬಿಟ್ಟೇನೆಯೇ! ಹತ್ತು, ಇಪ್ಪತ್ತು, ಐವತ್ತು. ನೂರಾದ ಕೂಡಲೇ ಕೈ ತಾನಾಗಿ ರಬ್ಬರ್ ಬ್ಯಾಂಡ್ ಹುಡುಕಿತು. ಮಧ್ಯೆ ಒಂದು ಉಸಿರು ಹರಿದ ಹಾಗೆ ಕಂಡಿತು, ಬದಿಗಿಟ್ಟೆ. ಅರ್ಧ ಗಂಟೆಯಲ್ಲಿ ನಾಲ್ಕು ಕಟ್ಟು ಉಸಿರು ಸಿದ್ಧವಾಯಿತು. ಎದ್ದಾಗ ಮನಸ್ಸು ಹಗುರವಾಗಿತ್ತೋ ಇಲ್ಲವೋ ತಿಳಿಯದು, ಟ್ಯಾಲಿ ಆದ ಸಮಾಧಾನವಂತೂ ಇತ್ತು.

ಮಾರನೆಯ ದಿನ ಅದೇ ಹೆಣ್ಣುಮಗಳು ಯೋಚನೆಗಳನ್ನು ಬಿಟ್ಟುಬಿಡಿ ಎಂದಳು. ಇದು ಮಾತ್ರ ಅನ್ಯಾಯ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದು ಪಂಡಿತ ಹೇಳಿ ಕಳಿಸಿದ ಕತೆ ಅವಳಿಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಅದುವರೆಗೆ ಹುಟ್ಟಾ ಕೋತಿಯನ್ನೇ ನೆನೆಯದ ರೋಗಿಗೆ ಲೋಟ ಎತ್ತಿದಾಗಲೆಲ್ಲ ಬಾಲ ಕಾಣಿಸತೊಡಗಿತು. ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಎಂಬಾತ 1987ರಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿದ. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಜನರನ್ನು ಕೂರಿಸಿದ. ಗಂಟೆ ನಿಲ್ಲಲೇ ಇಲ್ಲ. ನಮ್ಮ ಕೋತಿ ಅಲ್ಲಿ ಕರಡಿಯಾದದ್ದು ಹವಾಮಾನದ ವ್ಯತ್ಯಾಸ, ಅಷ್ಟೆ.

ಯೋಚನೆಯ ಮೇಲೆ ಇಷ್ಟೆಲ್ಲ ಹರಿಹಾಯುತ್ತಿರುವ ನಾನು ಹಗಲುಗನಸಿನ ಶತ್ರುವಲ್ಲ. ನಮ್ಮ ರೈಲುದಾರಿಯಲ್ಲೇ ಸಿಗುವ ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರು ಹುಟ್ಟಿದ ಊರು. ತಮ್ಮ ಪ್ರಬಂಧಗಳ ಪುಸ್ತಕಕ್ಕೆ 'ಹಗಲುಗನಸುಗಳು' ಎಂದೇ ಹೆಸರಿಟ್ಟವರು; 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದರು. ಕನಸು ಕಂಡು ಯಾರೂ ಸತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಹಗಲುಗನಸು ಎಂದರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಳೆದಂಡೆಗೆ ಹೋಗಿ ಬರುವುದು. ನನ್ನದು ಹಾಗಲ್ಲ, ಗಾಣದ ಎತ್ತಿನದು. ಅದೇ ಸುತ್ತು, ಅದೇ ಧೂಳು. ಎತ್ತಿನ ಗಾಣದಲ್ಲಾದರೂ ಒಂದು ಪಾವು ಎಣ್ಣೆ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಚುಂಚನಕಟ್ಟೆಗೆ ಹೋದೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ದನಗಳ ಜಾತ್ರೆ ಸೇರುತ್ತದೆ. ಎಳೆಯವನಾಗಿದ್ದಾಗ ಅಪ್ಪನ ಜೊತೆ ಹೋಗಿ, ಸಾವಿರ ಕೊರಳುಗಂಟೆಗಳ ನಡುವೆ ಒಬ್ಬ ವ್ಯಾಪಾರಿ ತನ್ನ ಜೋಡಿ ಹೋರಿಗಳ ಕಾಲ ಬುಡದಲ್ಲೇ ಹುಲ್ಲಿನ ಮೇಲೆ ಬಾಯಿ ತೆರೆದು ಮಲಗಿದ್ದನ್ನು ನೋಡಿದ್ದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಅವನ ಹಲ್ಲು ಕಾಣಿಸುತ್ತದೆ. ಈ ಸಲ ಜಾತ್ರೆಯಿರಲಿಲ್ಲ, ಮಳೆಗಾಲ. ಕಾವೇರಿ ಕವಲಾಗಿ ಬಂಡೆಗಳ ಮೇಲಿಂದ ಬೀಳುತ್ತಿದ್ದಳು. ಎತ್ತರ ಎಂದರೆ ಅರವತ್ತೈದು ಅಡಿ ಇದ್ದೀತು, ಸದ್ದು ಮಾತ್ರ ಆರುನೂರು ಅಡಿಯದು. ಪಕ್ಕದಲ್ಲಿದ್ದವರ ಮಾತು ಕೇಳಬೇಕಾದರೆ ಬಾಯಿಗೆ ಕಿವಿ ಕೊಡಬೇಕು.

ಅಲ್ಲಿ ದಡದ ಮೇಲೆ ಕೋದಂಡರಾಮನ ಗುಡಿ. ಈ ಗುಡಿಗೆ ಎರಡು ವಿಶೇಷ. ಬೇರೆ ಕಡೆಯ ಹಾಗಲ್ಲದೆ ಇಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಎರಡನೆಯದು, ಗುಡಿಯ ಸುತ್ತ ಎಲ್ಲೆಲ್ಲೂ ಮೊರೆಯುವ ಜಲಪಾತದ ಸದ್ದು ಗರ್ಭಗುಡಿಯೊಳಗೆ ಕೇಳಿಸದು ಎಂದು ಪ್ರತೀತಿ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ತೀರ್ಥಕ್ಷೇತ್ರ ಯಾವುದು! ಹೊರಗೆ ಅಷ್ಟು ಗದ್ದಲ, ಒಳಗೆ ಮೌನ. ಇದರ ಮರ್ಮ ಹಿಡಿದುಬಿಡೋಣ ಎಂದು ಹೋದೆ.

ಚಪ್ಪಲಿ ಬಿಡುವಾಗ ಅಕಸ್ಮಾತಪ್ಪ ಎಚ್ಚರಿಸಿದ. ಹೊಸ ಚಪ್ಪಲಿ, ಯಾರಾದರೂ ಮೆಟ್ಟಿಕೊಂಡು ಹೋದರೆ? ಅವನ ಮಾತು ಕೇಳಿ ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ದೂರದಲ್ಲಿ ಇನ್ನೊಂದು ಕಡೆ ಬಿಟ್ಟು ಒಳಗೆ ನಡೆದೆ. ಕಲ್ಲಿನ ತಂಪು ಅಂಗಾಲಿಗೆ ಹತ್ತಿತು. ಒಂದೊಂದು ಹೆಜ್ಜೆಗೂ ಹೊಳೆಯ ಸದ್ದು ಒಂದೊಂದು ಕಂಬದ ಹಿಂದೆ ಸರಿಯಿತು. ಗರ್ಭಗುಡಿಯ ಹೊಸ್ತಿಲವರೆಗೆ ಬಂದು ನಿಂತೆ. ಅದರಾಚೆಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಎಣ್ಣೆ, ತುಳಸಿ, ಒದ್ದೆ ಕಲ್ಲು ಕಲೆತ ವಾಸನೆ. ಕಿವಿಗೊಟ್ಟೆ. ಹೊಳೆ ದೂರದಲ್ಲಿ ಎಲ್ಲೋ ಗೊಣಗುತ್ತಿತ್ತು, ಇಲ್ಲ ಅನ್ನಿಸುವಷ್ಟು. ಆ ಖಾಲಿ ಜಾಗಕ್ಕೆ ಮೊದಲು ನುಗ್ಗಿ ಬಂದದ್ದು ಯಾವ ಶಾಂತಿಯೂ ಅಲ್ಲ, ಬಲಗಾಲಿನ ಚಪ್ಪಲಿ. ಅದರ ಹಿಂದೆ ಹಸಿರು ಟವೆಲ್ಲಿನವನು. ಅವನ ಹಿಂದೆ ಡಾಕ್ಟರ ಣಕಾರ. ಹೊರಗೆ ಕಾವೇರಿಯಾದರೂ ಇವರನ್ನೆಲ್ಲ ಮುಳುಗಿಸಿ ಇಟ್ಟಿದ್ದಳು. ಇಲ್ಲಿ ಒಬ್ಬೊಬ್ಬರ ಕೆಮ್ಮೂ ಸ್ಪಷ್ಟ.

ಮಂಗಳಾರತಿ ಮುಗಿಯುತ್ತಿದ್ದ ಹಾಗೆ ಅರ್ಚಕರನ್ನು ಮೆಲ್ಲಗೆ ಕೇಳಿದೆ: "ಸ್ವಾಮಿ, ಒಳಗೆ ನಿಮಗೆ ನಿಜವಾಗ್ಲೂ ಏನೂ ಕೇಳ್ಸಲ್ವಾ?"

"ಆಂ? ಏನಂದ್ರಿ?" ಎಂದರು.

ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಅವರು ತೀರ್ಥ ಕೊಟ್ಟರು, ತಲೆಯ ಮೇಲೆ ಶಠಾರಿ ಇಟ್ಟರು, ಹಿಂದಿನವರ ಕಡೆ ತಿರುಗಿದರು. ಅವರಿಗೆ ನನ್ನ ಪ್ರಶ್ನೆ ಕೇಳಿಸಲಿಲ್ಲವೋ, ಅಥವಾ ಅದೇ ಉತ್ತರವೋ ಎಂದು ಬಸ್ಸಿನ ಅರ್ಧ ದಾರಿ ಯೋಚಿಸಿದೆ. ಉಳಿದ ಅರ್ಧ ದಾರಿ ಕಾಲು ನೋಡಿಕೊಂಡೆ. ಎಡಗಾಲಿನ ಚಪ್ಪಲಿ ಸಿಕ್ಕಿತ್ತು. ಬಲಗಾಲಿನದನ್ನು ಎಲ್ಲಿ ಬಿಟ್ಟೆನೆಂದು ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಬಿಡುವ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲವಲ್ಲ.

ಬಸ್ಸು ಬದಲಿಸಲು ಸಾಲಿಗ್ರಾಮದಲ್ಲಿ ಇಳಿದೆ. ಒಂದು ಕಾಲಲ್ಲಿ ಚಪ್ಪಲಿ ಹಾಕಿ ನಡೆಯುವುದಕ್ಕಿಂತ ಕೈಯಲ್ಲಿ ಹಿಡಿಯುವುದು ಮರ್ಯಾದೆ ಎಂದು ಹಿಡಿದುಕೊಂಡೆ. ಸಾಲಿಗ್ರಾಮ ರಾಮಾನುಜಾಚಾರ್ಯರು ಬಂದು ತಂಗಿದ್ದ ಊರು. ಅವರ ಪಾದ ಸೋಕಿದ್ದೆಂಬ ಶ್ರೀಪಾದತೀರ್ಥ ಇಲ್ಲಿದೆ. ಅವರ ಶಿಷ್ಯ ವಡುಗ ನಂಬಿ ಈ ಊರಿನವನೇ. ಅವನ ಒಂದು ಕತೆಯನ್ನು ಶ್ರೀವೈಷ್ಣವರು ಹೇಳುತ್ತಾರೆ. ಶ್ರೀರಂಗದಲ್ಲಿ ಒಂದು ದಿನ ವಡುಗ ನಂಬಿ ಗುರುಗಳಿಗಾಗಿ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದ. ಬೀದಿಯಲ್ಲಿ ಸಾಕ್ಷಾತ್ ರಂಗನಾಥನ ಉತ್ಸವ ಬಂತು. ವಾದ್ಯ, ಛತ್ರಿ, ಜನ. ಬಾ, ಪೆರುಮಾಳನ್ನು ನೋಡು ಎಂದು ಗುರುಗಳೇ ಹೊರಗಿನಿಂದ ಕೂಗಿದರು. ನಿಮ್ಮ ದೇವರನ್ನು ನೋಡಲು ನಾನು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದೆ ಎಂದನಂತೆ ಅವನು.

ಈ ಕತೆಯನ್ನು ಗುರುಭಕ್ತಿಯ ಕತೆಯಾಗಿಯೇ ಎಲ್ಲರೂ ಹೇಳುವುದು. ಚಿಕ್ಕಂದಿನಿಂದ ನಾನೂ ಹಾಗೆಯೇ ಕೇಳಿದ್ದೆ. ಅಂದು ಸಾಲಿಗ್ರಾಮದ ಬಸ್ ನಿಲ್ದಾಣದಲ್ಲಿ, ಕೈಯಲ್ಲಿ ಒಂಟಿ ಚಪ್ಪಲಿ ಹಿಡಿದು ನಿಂತಾಗ, ನನ್ನ ಕಣ್ಣಿಗೆ ಕಟ್ಟಿದ್ದು ಹಾಲಿನ ಪಾತ್ರೆ. ಭಕ್ತಿ ಎಷ್ಟಿತ್ತೋ ಏನೋ, ಆ ಮನುಷ್ಯನಿಗೆ ಹಾಲಿನ ಹದ ಗೊತ್ತಿತ್ತು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವುದು, ಕೆನೆ ಒಮ್ಮೆ ಉಬ್ಬಿ ಇಳಿದ ಹಾಗೆ ಮಾಡಿ ಮೋಸ ಮಾಡುವುದು, ಎರಡನೇ ಸಲ ಉಬ್ಬಿದಾಗ ಇಳಿಯದಿರುವುದು, ಇದೆಲ್ಲ ಅವನಿಗೆ ತಿಳಿದಿತ್ತು. ದೇವರು ನಾಳೆಯೂ ಬೀದಿಗೆ ಬಂದಾನು. ಈ ಪಾತ್ರೆಯ ಈ ಹಾಲು ಎರಡು ಸಲ ಕಾಯುವುದಿಲ್ಲ. ನನ್ನ ಒಲೆಯ ಮುಂದೆ 46.9 ಮನಸ್ಸಿನ ನಾನು ನಿಲ್ಲುವುದೂ, ಅವನ ಒಲೆಯ ಮುಂದೆ ಅವನು ನಿಲ್ಲುವುದೂ ಒಂದೇ ತಾಲ್ಲೂಕಿನವರು ಮಾಡುವ ಕೆಲಸ ಅನ್ನಿಸಿ ಸ್ವಲ್ಪ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಅಷ್ಟರಲ್ಲಿ ಮಿರ್ಲೆಯ ಬಸ್ಸು ಬಂದು, ನಿಂತು, ಹೋಗಿಯೂ ಆಗಿತ್ತು.

ಆಮೇಲಿನ ವಾರ ನಮ್ಮ ಗದ್ದೆಯಲ್ಲಿ ನಾಟಿ. ಮುಕ್ಕಾಲು ಎಕರೆ, ಅದಕ್ಕೆ ಮೂರು ಎಕರೆಯಷ್ಟು ಚಿಂತೆ. ಎಂಟು ಜನ ಹೆಂಗಸರು ಕೆಸರಿಗೆ ಇಳಿದಿದ್ದರು. ಪೈರಿನ ಕಟ್ಟುಗಳನ್ನು ಗದ್ದೆಯ ತುಂಬ ಅಲ್ಲಲ್ಲಿ ಎಸೆದಿತ್ತು, ಬಾತುಕೋಳಿ ಕೂತ ಹಾಗೆ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತೆ. ಯಜಮಾನ ನಿಂತಿರಬೇಕು ಎಂಬುದೊಂದು ಶಾಸ್ತ್ರ, ನಿಂತು ಮಾಡುವಂಥದು ಏನೂ ಇರುವುದಿಲ್ಲ.

ನಾಟಿ ಹಾಕುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅವರು ಹಿಂದಕ್ಕೆ ನಡೆಯುತ್ತಾರೆ ಎಂಬುದನ್ನು ಮಾತ್ರ ಅಂದೇ ನೋಡಿದ್ದು. ಬೆನ್ನು ಬಗ್ಗಿದೆ, ಎಡಗೈಯಲ್ಲಿ ಪೈರು, ಬಲಗೈ ಮೂರು ಎಳೆ ಕೀಳುತ್ತದೆ, ಹೆಬ್ಬೆರಳೂ ಎರಡು ಬೆರಳೂ ಕೂಡಿ ಕೆಸರಿಗೆ ಇಳಿಯುತ್ತವೆ, ಪ್ಳಕ್ ಎಂದು ಸಣ್ಣ ಸದ್ದು, ಬೆರಳು ಹೊರಗೆ. ಮತ್ತೆ ಪ್ಳಕ್. ಬೆರಳು ತೆಗೆದ ಗುಳಿಯಲ್ಲಿ ನೀರು ಒಂದು ಸುತ್ತು ತಿರುಗಿ ಮುಚ್ಚಿಕೊಳ್ಳುತ್ತದೆ. ಕಾಲು ಒಂದು ಹೆಜ್ಜೆ ಹಿಂದಕ್ಕೆ. ನೆಟ್ಟಿದ್ದು ಕಣ್ಣ ಮುಂದೆ ಸಾಲಾಗಿ ನಿಲ್ಲುತ್ತಾ ಹೋಗುತ್ತದೆ, ನೆಡಬೇಕಾದದ್ದೆಲ್ಲ ಬೆನ್ನ ಹಿಂದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮಾತು ಮಾತ್ರ ನಡೆಯುತ್ತಲೇ ಇದೆ. ಯಾರ ಮನೆಯ ಸೊಸೆ, ಯಾವ ಸಂಘದ ಸಾಲದ ಕಂತು, ನಿನ್ನೆಯ ಧಾರಾವಾಹಿ, ಎಲ್ಲ. ಅವರ ತಲೆಯೇನೂ ಖಾಲಿಯಿರಲಿಲ್ಲ. ಬೆರಳು ಮಾತ್ರ ಒಂದು ಸಲವೂ ಧಾರಾವಾಹಿಗೆ ಹೋಗಲಿಲ್ಲ.

ಇದನ್ನೆಲ್ಲ ನೋಡಿ ಸುಮ್ಮನಿರಬಾರದೆ? ಸಾಲಿನ ಕೊನೆಯಲ್ಲಿದ್ದ ಅಜ್ಜಿ ನಾನು ನಿಂತಿದ್ದ ಬದುವಿನ ಕಡೆಗೇ ಹಿಂದಕ್ಕೆ ಬರುತ್ತಿದ್ದಳು. ಎಪ್ಪತ್ತರ ಹತ್ತಿರದ ಜೀವ.

"ಅಜ್ಜಿ, ಹಿಂದೆ ನೋಡ್ಕೋ. ಬದು ಬಂತು. ಬಿದ್ದುಗಿದ್ದೀಯೆ!"

ಅವಳು ತಲೆ ಎತ್ತಲಿಲ್ಲ. "ಬದ ಬಂದ್ರೆ ಹಿಮ್ಮಡಿಗೆ ತಾಕ್ತದೆ ಬುಡು ಕ್ಯಾಷಿಯರಪ್ಪ," ಎಂದಳು. ಇನ್ನು ಎರಡು ಹೆಜ್ಜೆ. ಹಿಮ್ಮಡಿ ಬದುವಿಗೆ ತಾಕಿತು. ನೆಟ್ಟಗೆ ನಿಂತು ಸೊಂಟಕ್ಕೆ ಕೈ ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನ್ಯಾಕಪ್ಪ ಮಳೆ ಇಲ್ದೆ ಕೊಡೆ ಹಿಡ್ಕಂಡಿದ್ದೀಯೆ?"

ನಿಜ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಅಕಸ್ಮಾತ್ ಬಂದರೆ ಎಂದು ಮನೆಯಿಂದಲೇ ಬಿಚ್ಚಿಕೊಂಡು ಬಂದಿದ್ದೆ. ಎಂಟೂ ಜನ ನಕ್ಕರು. ನಾನು ಕೊಡೆ ಮಡಿಸಿದೆ. ಮಡಿಸಿದ ಮೇಲೆ ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಪ್ಯಾಂಟು ಮಂಡಿಯವರೆಗೆ ಮಡಚಿ, ಗದ್ದೆಯ ಮೂಲೆಯಲ್ಲಿ ಇಳಿದೆ. ಕೆಸರು ಮೀನಖಂಡದವರೆಗೆ ತಣ್ಣಗೆ ಹತ್ತಿತು, ಬೆರಳ ಸಂದಿಯಲ್ಲಿ ಬೆಣ್ಣೆಯ ಹಾಗೆ ಮೇಲೆದ್ದಿತು. ಒಂದು ಕಟ್ಟು ಪೈರು ನೆಟ್ಟೆ. ಸಾಲು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಂತು. ಎಷ್ಟು ಬುಡ ನೆಟ್ಟೆನೆಂದು ಕೇಳಬೇಡಿ, ಎಣಿಸುವುದು ಮರೆತುಹೋಗಿತ್ತು. ನಾನು ನೆಟ್ಟದ್ದನ್ನೆಲ್ಲ ಆ ಅಜ್ಜಿ ಆಮೇಲೆ ಕಿತ್ತು ಮತ್ತೆ ನೆಟ್ಟಳಂತೆ, ಅದು ಬೇರೆ ಮಾತು.

ಇವತ್ತು ಬೆಳಿಗ್ಗೆ ಮತ್ತೆ ಹಾಲಿನ ಮುಂದೆ ನಿಂತೆ. ಛೇಯಣ್ಣನಿಗೂ ಅಕಸ್ಮಾತಪ್ಪನಿಗೂ ಜಗಲಿಯಲ್ಲಿ ಜಾಗ ತೋರಿಸಿ, ನೀವು ಮಾತಾಡಿಕೊಳ್ಳಿ, ನನಗೆ ಕೆಲಸವಿದೆ ಎಂದು ಬಂದಿದ್ದೆ. ಹಾಲನ್ನು ನೋಡಿದೆ. ಬಿಳಿ ಎಂದರೆ ಬರೀ ಬಿಳಿಯಲ್ಲ. ಅಂಚಿನಲ್ಲಿ ತುಸು ನೀಲಿ, ನಡುವೆ ತುಸು ಹಳದಿ. ಕಿಟಕಿಯ ಸರಳುಗಳು ಅದರ ಮೇಲೆ ನಾಲ್ಕು ಗೆರೆಯಾಗಿ ಬಿದ್ದಿದ್ದವು. ಒಂದು ನೊಣ ಬಂತು, ಓಡಿಸಿದೆ. ಎದುರು ಮನೆಯ ಹಸು ಅಂಬಾ ಎಂದಿತು, ಕೇಳಿಸಿಕೊಂಡೆ, ಹಾಲಿಗೆ ಮರಳಿದೆ. ಬೀದಿಯಲ್ಲಿ ಯಾವುದೋ ಬೈಕು ಹೋಯಿತು, ಯಾರದೆಂದು ಯೋಚಿಸಲಿಲ್ಲ. ಡಾಕ್ಟರು ಒಮ್ಮೆ ಇಣುಕಿದರು. ಹಾಲಿಟ್ಟಿದ್ದೇನೆ, ಆಮೇಲೆ ಬನ್ನಿ ಎಂದೆ. ಹೋದರು. ನಾಲ್ಕು ಗೆರೆಗಳು ಅಲುಗದೆ ನಿಂತಿದ್ದವು. ನಾನೂ ನಿಂತಿದ್ದೆ. ವಡುಗ ನಂಬಿ ಪಕ್ಕದಲ್ಲೇ ನಿಂತು ಇಷ್ಟೇ ಕಣಯ್ಯ ಅನ್ನುತ್ತಿದ್ದಾನೆ ಎನ್ನಿಸುವಷ್ಟು ನೆಮ್ಮದಿಯಾಗಿತ್ತು.

"ರೀ, ಹಾಲು ಕಾಯ್ತಾ?" ನಡುಮನೆಯಿಂದ ಕೂಗಿದಳು.

"ಇನ್ನೂ ಇಲ್ಲ. ನೋಡ್ತಾ ಇದ್ದೀನಿ."

"ಎಷ್ಟೊತ್ತಿಂದ?"

ಎಷ್ಟೊತ್ತಿಂದ ಎಂದು ನನಗೆ ತಿಳಿಯಲಿಲ್ಲ. ಅವಳು ಸೊಪ್ಪಿನ ಮೊರ ಕೆಳಗಿಟ್ಟು ಬಂದು, ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಬಗ್ಗಿ ಪಾತ್ರೆಯ ತಳ ನೋಡಿದಳು.

ಒಲೆ ಹಚ್ಚಿರಲಿಲ್ಲ.